ಕೆಂಗೇರಿಯಲ್ಲಿ ಸೊನ್ನೆ

ಪತ್ರಿಕೆಯಲ್ಲಿ ಬೆಂಗಳೂರಿನ ನಿನ್ನೆಯ ಮಳೆ ಎಂದು ಅಚ್ಚಾಗುವ ಅಂಕಿಗೂ ತನ್ನ ಮನೆಯ ತಾರಸಿಗೂ ಏನೇನೂ ಸಂಬಂಧವಿಲ್ಲ ಎಂದು ನನ್ನ ಮುಂದೆ ವಾದಕ್ಕೆ ನಿಂತವಳು ಎಂಟನೇ ತರಗತಿಯ ಒಬ್ಬ ಹುಡುಗಿ. ಅವಳ ಮನೆ ಕೆಂಗೇರಿ ಉಪನಗರದಲ್ಲಿ, ಶಾಲೆ ರಾಜಾಜಿನಗರದಲ್ಲಿ. ಪೀಣ್ಯದ ಕಾರ್ಖಾನೆಗೆ ಹೋಗುವ ಅಪ್ಪ ದಿನಾ ಬೆಳಗ್ಗೆ ಗಾಡಿಯಲ್ಲಿ ತಂದು ಬಿಟ್ಟು ಹೋಗುತ್ತಿದ್ದರು. "ಪೇಪರಿನವರು ಸುಳ್ಳು ಬರೀತಾರೆ ಮಿಸ್. ನಮ್ಮ ಕಡೆ ಒಂದು ಹನೀನೂ ಬಿದ್ದಿಲ್ಲ" ಎಂದಳು.

ಸುಳ್ಳೇನಲ್ಲ. ಪತ್ರಿಕೆಗೆ ಸಿಗುವ ಅಂಕಿ ಸಾಮಾನ್ಯವಾಗಿ ಮೂರು ಕಡೆಯದು: ಪ್ಯಾಲೆಸ್ ರಸ್ತೆಯ ಹವಾಮಾನ ಕೇಂದ್ರ, ಎಚ್‌ಎಎಲ್ ವಿಮಾನ ನಿಲ್ದಾಣ, ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ. ಬೋರ್ಡಿನ ಮೇಲೆ ಊರಿನ ಒಂದು ಒರಟು ನಕ್ಷೆ ಬರೆದು ಮೂರು ಚುಕ್ಕಿ ಇಟ್ಟೆ. ಒಂದು ನಡುವೆ, ಒಂದು ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ ಎಲ್ಲೋ ದೂರದಲ್ಲಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಲ್ಲ ಇದ್ದ ಎಡಗಡೆ ಬರೀ ಬೋರ್ಡು. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಊರಿನ ಉದ್ದಗಲಕ್ಕೂ ತಾವೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದ್ದಾರೆ, ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ ಎಂದು ಹೇಳಿದೆ. ಮಕ್ಕಳಿಗೆ ಅದು ರುಚಿಸಲಿಲ್ಲ. ಯಾರೋ ಅಳೆದಿದ್ದಾರೆ ಅನ್ನುವುದು ಆ ವಯಸ್ಸಿಗೆ ಯಾವ ಸಮಾಧಾನವೂ ಅಲ್ಲ. "ನಾವೇ ಅಳೆದರೆ?" ಎಂದು ಹಿಂದಿನ ಬೆಂಚಿನಿಂದ ಬಂತು.

ಆಗ 2014. ಆ ವರ್ಷ ಮತ್ತು ಅದರ ಮರುವರ್ಷ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಮುಖ್ಯ ವಿಷಯವೇ ಹವಾಮಾನ ಮತ್ತು ವಾಯುಗುಣ. 1993ರಿಂದ ದೇಶದಾದ್ಯಂತ ನಡೆದುಕೊಂಡು ಬಂದಿರುವ ಈ ಸಮಾವೇಶವನ್ನು ನಮ್ಮಲ್ಲಿ ನೋಡಿಕೊಳ್ಳುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 'ಬಾಲವಿಜ್ಞಾನ' ಮಾಸಪತ್ರಿಕೆ ತರುವವರು ಎಂದರೆ ನನ್ನ ವಯಸ್ಸಿನ ಮೇಷ್ಟ್ರುಗಳಿಗೆ ಬೇಗ ಗುರುತು ಹತ್ತುತ್ತದೆ. ಸಮಾವೇಶಕ್ಕೆ ಕಳಿಸಬೇಕಾದ ತಂಡ ಚಿಕ್ಕದು. ನಮ್ಮಲ್ಲಿ ಮಳೆ ಅಳೆಯಲು ಬಾಟಲಿ ಹಿಡಿದು ನಿಂತವರು ಅದಕ್ಕಿಂತ ಬಹಳ ಜನ. ಹೆಸರು ಕರೆದು ಹಾಜರಿ ತೆಗೆದುಕೊಳ್ಳುವ ಬದಲು ಅವರಿರುವ ಬಡಾವಣೆಯ ಹೆಸರನ್ನೇ ಅವರಿಗೆ ಇಟ್ಟುಬಿಟ್ಟೆವು. "ಏ ಹಂಪಿನಗರ, ನಿನ್ನೆ ಎಷ್ಟು?" "ಕಾಮಾಕ್ಷಿಪಾಳ್ಯ ಬಂದಿಲ್ಲ ಮಿಸ್, ಜ್ವರ."

ಮಾಪಕ ಎಂದರೆ ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ. ಭುಜದ ಹತ್ತಿರ ಕತ್ತರಿಸಿ, ಮೇಲಿನ ಭಾಗವನ್ನು ಬೋರಲು ಮಾಡಿ ಆಲಿಕೆಯ ಹಾಗೆ ಅದರೊಳಗೇ ಕೂರಿಸುವುದು. ಕೇಳಲು ಸುಲಭ. ಆದರೆ ಆ ಬಾಟಲಿಯ ತಳ ಸಮನಾಗಿರುವುದಿಲ್ಲ, ಉಬ್ಬು ತಗ್ಗು. ಅಲ್ಲಿಂದ ಸ್ಕೇಲು ಇಟ್ಟರೆ ಮೊದಲ ಮಳೆಯ ಲೆಕ್ಕವೆಲ್ಲ ಉಬ್ಬುಗಳ ಸಂದಿಯಲ್ಲೇ ಮುಳುಗಿಹೋಗುತ್ತದೆ. ಹಾಗಾಗಿ ತಳಕ್ಕೆ ಸಣ್ಣ ಜಲ್ಲಿ ಹಾಕಿ, ಉಬ್ಬು ಮುಚ್ಚುವಷ್ಟು ನೀರು ಹೊಯ್ದು, ಆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ಅದನ್ನು ಸೊನ್ನೆ ಎನ್ನುವುದು. ಪ್ರತಿದಿನ ಓದಿದ ಮೇಲೆ ಮತ್ತೆ ನೀರನ್ನು ಆ ಗೆರೆಗೇ ತಂದು ನಿಲ್ಲಿಸಬೇಕು. ಗಾಳಿಗೆ ಉರುಳದ ಹಾಗೆ ಸುತ್ತ ಇಟ್ಟಿಗೆ.

ಎಲ್ಲಿ ಇಡುವುದು ಎನ್ನುವುದು ಅದಕ್ಕಿಂತ ದೊಡ್ಡ ರಾಮಾಯಣ. ಪಕ್ಕದ ಗೋಡೆ ಅಥವಾ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು ಎಂಬುದು ನಿಯಮ. ಆ ನಿಯಮ ಬರೆದವರು ಬಸವೇಶ್ವರನಗರದ ತಾರಸಿ ನೋಡಿರಲಾರರು. ಒಂದು ಕಡೆ ಸಿಂಟೆಕ್ಸ್ ಟ್ಯಾಂಕು, ಇನ್ನೊಂದು ಕಡೆ ಪಕ್ಕದ ಮನೆಯವರು ಹೋದ ವರ್ಷ ಏರಿಸಿದ ಮೂರನೇ ಮಹಡಿ, ನಡುವೆ ಬಟ್ಟೆ ಒಣಹಾಕುವ ತಂತಿ. ಮಕ್ಕಳು ಟೇಪು ಹಿಡಿದು ತಾರಸಿಯ ಮೂಲೆಮೂಲೆ ಅಳೆದರು. ಕಾಮಾಕ್ಷಿಪಾಳ್ಯದವನದು ಶೀಟಿನ ಮನೆ, ತಾರಸಿಯೇ ಇಲ್ಲ. ಅವನು ಮಾಲೀಕರ ಮನೆಯ ಅಂಕಲ್‌ನನ್ನು ಒಪ್ಪಿಸಿ ಅವರ ಮಹಡಿಯಲ್ಲಿ ಜಾಗ ಗಿಟ್ಟಿಸಿದ. ಬಸವೇಶ್ವರನಗರದವಳ ಅಂಕಿ ಮಾತ್ರ ಮಳೆ ಬಾರದ ದಿನವೂ ಏರುತ್ತಿತ್ತು. ಪತ್ತೆದಾರಿಕೆ ನಡೆಸಿದಾಗ ಗೊತ್ತಾಯಿತು: ಅವರಮ್ಮ ತುಳಸಿಗೆ ನೀರು ಹಾಕಿ, ಚೊಂಬಿನಲ್ಲಿ ಉಳಿದದ್ದನ್ನು 'ಪಾಪ, ಮಗುವಿನ ಪ್ರಾಜೆಕ್ಟು ಒಣಗಿದೆ' ಎಂದು ಬಾಟಲಿಗೂ ಒಂದಿಷ್ಟು ಹಾಕುತ್ತಿದ್ದರಂತೆ.

ನಂತರ ಬಂದ ಪ್ರಶ್ನೆ ನನಗೆ ಇವತ್ತಿಗೂ ಬಲು ಇಷ್ಟ. ಹಂಪಿನಗರದವನಿಗೆ ಅಂಥ ಬಾಟಲಿ ಸಿಕ್ಕಿರಲಿಲ್ಲ. ಅವನು ದಪ್ಪ ಹೊಟ್ಟೆಯ ಒಂದು ಪ್ಲಾಸ್ಟಿಕ್ ಡಬ್ಬ ತಂದಿದ್ದ. ಉಳಿದವರು ಕೂಗಾಡಿದರು: "ಅವನದು ಅಗಲ ಮಿಸ್, ಜಾಸ್ತಿ ಮಳೆ ಹಿಡಿಯತ್ತೆ. ಮೋಸ." ಪಾಠ ಮಾಡಿ ಮುಗಿಸಬಹುದಿತ್ತು. ಮಾಡಲಿಲ್ಲ. ಶಾಲೆಯ ತಾರಸಿಯ ಮೇಲೆ ಒಂದು ಬಾಟಲಿ, ಕಡಲೆಬೇಳೆ ತುಂಬುವ ನೆಟ್ಟನೆಯ ಸ್ಟೀಲ್ ಡಬ್ಬಿ, ಒಂದು ಟಿಫಿನ್ ಬಾಕ್ಸು, ಹುಡುಗನ ದಪ್ಪ ಡಬ್ಬ, ಆಯಾ ಕೊಟ್ಟ ಬಕೆಟ್ಟು, ಕಾಫಿ ಲೋಟ, ಎಲ್ಲವನ್ನೂ ಸಾಲಾಗಿ ಇಟ್ಟು ಬಂದೆವು. ಮಳೆ ಕಾಯಿಸಿತು, ಬೆಂಗಳೂರಿನ ಜುಲೈ ತಿಂಗಳಲ್ಲವೇ. ಕೊನೆಗೊಂದು ಮಧ್ಯಾಹ್ನ ಚೆನ್ನಾಗಿ ಹೊಯ್ಯಿತು. ಓಡಿ ಹೋಗಿ ಅಳೆದರು. ಬಾಟಲಿ, ಸ್ಟೀಲ್ ಡಬ್ಬಿ, ಟಿಫಿನ್ ಬಾಕ್ಸು, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ. ಬಕೆಟ್ಟಿನಲ್ಲಿ ಮತ್ತು ಲೋಟದಲ್ಲಿ ಜಾಸ್ತಿ. ಬಾಯಿ ಸಣ್ಣದಾಗಿ ಹೊಟ್ಟೆ ದಪ್ಪಗಿದ್ದ ಆ ಡಬ್ಬದಲ್ಲಿ, ಎಲ್ಲರೂ ಮೋಸ ಎಂದಿದ್ದರಲ್ಲ, ಅದರಲ್ಲೇ ಎಲ್ಲಕ್ಕಿಂತ ಕಡಿಮೆ.

ಬಕೆಟ್ಟಿನ ಬಾಯಿ ತಳಕ್ಕಿಂತ ಅಗಲ. ಅಗಲ ಬಾಯಲ್ಲಿ ಹಿಡಿದ ನೀರೆಲ್ಲ ಕಿರಿದಾದ ತಳದಲ್ಲಿ ನಿಂತರೆ ಎತ್ತರ ಕಾಣುತ್ತದೆ. ಡಬ್ಬದ್ದು ಅದರ ಉಲ್ಟಾ. ಮೇಲೆ ಕೆಳಗೆ ಒಂದೇ ಅಗಲವಿದ್ದರೆ ಪಾತ್ರೆ ಸಣ್ಣದೋ ದೊಡ್ಡದೋ ಲೆಕ್ಕಕ್ಕಿಲ್ಲ. ಇದನ್ನು ಅವರೇ ಚಿತ್ರ ಬರೆದು ಬರೆದು ಮುಟ್ಟಿದರು. ಕೊನೆಗೆ ಹಂಪಿನಗರದವನೇ ಹೇಳಿದ: "ಹಂಗಾದ್ರೆ ನಾವು ಎಷ್ಟು ನೀರು ಬಿತ್ತು ಅಂತ ಅಳೀತಾ ಇಲ್ಲ ಮಿಸ್. ಎಲ್ಲೂ ಹರಿದು ಹೋಗದೆ ಇದ್ದಿದ್ರೆ ನೆಲ ಎಷ್ಟು ಮುಳುಗ್ತಿತ್ತು ಅಂತ ಅಳೀತಿದೀವಿ." ಮಿಲಿಮೀಟರ್ ಮಳೆ ಎಂದರೇನು ಎಂದು ಇಷ್ಟು ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನಾನು ನೋಡಿಲ್ಲ.

ಅಲ್ಲಿಂದ ಲೀಟರಿಗೆ ಬರಲು ತಡವಾಗಲಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಮ್ಮ ಕಡೆಯ ಮಕ್ಕಳಿಗೆ ಚದರ ಮೀಟರ್ ಅರ್ಥವಾಗುವುದು ನಿಧಾನ, ಥರ್ಟಿ ಫಾರ್ಟಿ ಸೈಟು ಎಂದರೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. 30 ಅಡಿಗೆ 40 ಅಡಿ ಎಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. 10 ಮಿಲಿಮೀಟರಿನ ಸಾಧಾರಣ ಮಳೆಗೇ ಅಷ್ಟು ಜಾಗದ ಮೇಲೆ 1,100 ಲೀಟರಿಗೂ ಹೆಚ್ಚು, ತಲೆಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕು ತುಂಬಿ ಚೆಲ್ಲುವಷ್ಟು. ಬೆಂಗಳೂರಿನ ವರ್ಷದ ಸರಾಸರಿ ಸುಮಾರು 970 ಮಿಲಿಮೀಟರ್ ಹಿಡಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಲೆಕ್ಕ ಮುಗಿದ ಮೇಲೆ ಕ್ಲಾಸಿನಲ್ಲಿ ಟ್ಯಾಂಕರ್ ನೀರಿನ ದರದ ಚರ್ಚೆ ಶುರುವಾಯಿತು. ಯಾರ ಮನೆಯಲ್ಲಿ ಬೇಸಗೆಗೆ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈ ಗುಣಾಕಾರವನ್ನು ಬಾಳಿ ತೋರಿಸಿದವರು ಹತ್ತಿರದಲ್ಲೇ ಇದ್ದರು. ವಿಜಯನಗರದಲ್ಲಿ 'ಸೌರಭ' ಎಂಬ ಮನೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ. ಆರ್. ಶಿವಕುಮಾರ್ ಅವರದು. ತೊಂಬತ್ತರ ದಶಕದ ನಡುವಿನಿಂದ ಆ ಮನೆ ಜಲಮಂಡಳಿಯ ನಲ್ಲಿಯಿಲ್ಲದೆ ಮಳೆನೀರಿನ ಮೇಲೆ ನಡೆದಿದೆ. ಅವರು ಕಟ್ಟುವ ಮೊದಲು ಮಾಡಿದ ಕೆಲಸವನ್ನು ಮಕ್ಕಳಿಗೆ ವಿವರಿಸಿದೆ: ಊರಿನ ಸುಮಾರು ನೂರು ವರ್ಷದ ಮಳೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಕೂತರು. ತೀರಾ ಕಡಿಮೆ ಬಿದ್ದ ವರ್ಷದಲ್ಲೂ ಒಂದು ಮನೆಗೆ ಬೇಕಾಗುವಷ್ಟು ನೀರು ಮೇಲಿನಿಂದ ಬಂದಿತ್ತು. ತೊಡಕು ಒಟ್ಟು ಮಳೆಯದಲ್ಲ, ಎರಡು ಒಳ್ಳೆಯ ಮಳೆಗಳ ನಡುವಿನ ಒಣ ದಿನಗಳದು. ಆ ಅಂತರ ಹೆಚ್ಚೆಂದರೆ ಮೂರು ತಿಂಗಳಿನ ಆಸುಪಾಸು. ನಾಲ್ಕು ಜನರ ಮನೆಗೆ ದಿನಕ್ಕೆ 400 ಲೀಟರ್, ನೂರು ದಿನಕ್ಕೆ 40,000 ಲೀಟರ್. ಅಷ್ಟು ಹಿಡಿಯುವ ಜಾಗ ಮಾಡಿಕೊಂಡರೆ ಆಯಿತು. ಆಮೇಲೆ 2009ರಲ್ಲಿ ಜಲಮಂಡಳಿಯೇ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಹೊಸದಾಗಿ ಕಟ್ಟುವವರಿಗೆ 1,200 ಚದರಡಿಯಿಂದ, ಹಳೆಯ ಮನೆಗಳಿಗೆ 2,400 ಚದರಡಿಯಿಂದ. ಎಷ್ಟು ಮನೆಯ ಪೈಪು ನಿಜವಾಗಿ ಸಂಪಿಗೆ ಬರುತ್ತದೆ, ಎಷ್ಟು ಮನೆಯದು ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಬರುತ್ತದೆ ಎಂಬುದು ಬೇರೆ ಮಾತು.

ನನಗೆ ಆ ಕಥೆಯಲ್ಲಿ ಮುಖ್ಯವಾಗಿ ಕಂಡದ್ದು ಒಣ ದಿನಗಳು. ಮಳೆ ಬಾರದ ದಿನವೂ ಯಾರೋ ಹೋಗಿ ನೋಡಿ ಸೊನ್ನೆ ಬರೆದಿಟ್ಟರು. ಹಾಗೆ ಬರೆಯದೆ ಹೋಗಿದ್ದರೆ ಟ್ಯಾಂಕು ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕಲು ಸಾಧ್ಯವೇ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಲು ಕಾರಣವಿತ್ತು. ನಮ್ಮ ಹುಡುಗನೊಬ್ಬ, ಯಾವ ಬಡಾವಣೆ ಎನ್ನುವುದು ಬೇಡ, ವಾರಕ್ಕೊಮ್ಮೆ ಭಾನುವಾರ ರಾತ್ರಿ ಕೂತು ಒಂದೇ ಪೆನ್ನಿನಲ್ಲಿ ಏಳು ಸೊನ್ನೆ ಇಳಿಸಿ ತರುತ್ತಿದ್ದ. ಒಂದು ವಾರ ನಡುವೆ ಅವನ ಬೀದಿಯ ಎರಡೂ ಪಕ್ಕದಲ್ಲಿ ಜೋರಾಗಿ ಹೊಯ್ದಿತ್ತು. ಉಳಿದವರು ಬಿಡುತ್ತಾರೆಯೇ? ಅವನ ಕಣ್ಣು ತುಂಬಿಬಂತು.

ಬೈಯುವ ಬದಲು ಪುಸ್ತಕದಲ್ಲಿ ಹೊಸ ಗುರುತು ಸೇರಿಸಿದೆವು. ಅಂಕಿ ಇದ್ದರೆ ಅಂಕಿ. ಸ್ಕೇಲಿಗೆ ಸಿಗದಷ್ಟು ಬಿದ್ದಿದ್ದರೆ 'ಹ', ಎಂದರೆ ಹನಿ. ನೋಡಿ, ಇಲ್ಲದಿದ್ದರೆ ಸೊನ್ನೆ. ನೋಡಿಯೇ ಇಲ್ಲದಿದ್ದರೆ 'ನೋ'. 'ನೋ' ಬರೆದವರಿಗೆ ಮಾರ್ಕ್ಸು ಕಳೆಯುವುದಿಲ್ಲ ಎಂದು ಮಾತು ಕೊಟ್ಟೆ. ಅದರ ಮರುವಾರ ಎಲ್ಲರ ಪುಸ್ತಕದಲ್ಲೂ 'ನೋ' ಕಾಣಿಸಿಕೊಂಡಿತು, ಅದುವರೆಗೆ ಶುದ್ಧ ಸೊನ್ನೆಗಳ ಸಾಲು ತೋರಿಸುತ್ತಿದ್ದ ಜಾಣೆಯರ ಪುಸ್ತಕದಲ್ಲೂ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಲಿಟ್ಮಸ್ ಕೆಂಪಾಗಬೇಕು, ಆಗದಿದ್ದರೂ ಆಯಿತೆಂದು ಬರೆಯುತ್ತಾರೆ. ನಾಳೆಯ ಮಳೆಗೆ ಗೈಡಿನಲ್ಲಿ ಉತ್ತರವಿಲ್ಲ. ಹಾಗಾಗಿಯೇ ಪ್ರಾಮಾಣಿಕತೆ ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿಲ್ಲ.

ಓದುವ ಹೊತ್ತಿನದೂ ಒಂದು ತಕರಾರು. ಭಾರತದಲ್ಲಿ ಮಳೆ ಓದುವುದು ಬೆಳಗ್ಗೆ 8:30ಕ್ಕೆ. ಗ್ರೀನಿಚ್ಚಿನಲ್ಲಿ ಆಗ ಸರಿಯಾಗಿ ಮೂರು ಗಂಟೆ. ಬೇರೆ ಬೇರೆ ದೇಶದವರು ಒಂದೇ ಹೊತ್ತಿಗೆ ಆಕಾಶ ನೋಡಿ ಬರೆದುಕೊಂಡರೆ ತಾನೇ ಎಲ್ಲವನ್ನೂ ಜೋಡಿಸಿ ನಕ್ಷೆ ಮಾಡಲು ಬರುವುದು? ಮಕ್ಕಳಿಗೆ ಇದು ಬಹಳ ಹಿಡಿಸಿತು. ಆದರೆ 8:30ಕ್ಕೆ ಅವರು ದಾರಿಯಲ್ಲಿರುತ್ತಿದ್ದರು. ಕೆಂಗೇರಿಯವಳಂತೂ ಏಳಕ್ಕೇ ಮನೆ ಬಿಡುತ್ತಿದ್ದಳು. ಹೀಗಾಗಿ ಓದುವ ಕೆಲಸ ಮನೆಯಲ್ಲಿರುವವರ ಹೆಗಲಿಗೆ ಬಿತ್ತು. ಕೆಂಗೇರಿಯಲ್ಲಿ ಆ ಹೆಗಲು ಅಜ್ಜಿಯದು.

ಮಾಗಡಿ ಕಡೆಯ ಹಳ್ಳಿಯಿಂದ ಬಂದ ಅಜ್ಜಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗಾಗಿ ಮೊಮ್ಮಗಳು ಬಾಟಲಿಯ ಪಟ್ಟಿಯ ಮೇಲೆ ಕನ್ನಡ ಅಂಕಿ ಬರೆದಳು. ಅಜ್ಜಿ ಒಂದು ದಿನ ತಪ್ಪಿಸಲಿಲ್ಲ, ಜೊತೆಗೆ ನಾವು ಕೇಳದ ಒಂದು ಕಾಲಂ ಅವರೇ ಸೇರಿಸಿದರು: ಮಳೆಯ ಹೆಸರು. ಮಗೆ, ಉಬ್ಬೆ, ಉತ್ರೆ, ಅಸ್ತೆ, ಚಿತ್ತೆ. ಪುಸ್ತಕ ನೋಡಿದ ಹುಡುಗರು ಮೊದಲು ನಕ್ಕರು. ವಿಜ್ಞಾನದ ಪ್ರಾಜೆಕ್ಟಿನಲ್ಲಿ ನಕ್ಷತ್ರ ಯಾಕೆ ಎಂದು ಒಬ್ಬ ಮುಖ ಸಿಂಡರಿಸಿದ.

ಗೋಡೆಯ ಕ್ಯಾಲೆಂಡರ್ ಇಳಿಸಿ ತನ್ನಿ ಎಂದೆ. ಹಿಂದಿನ ವರ್ಷದ್ದೂ ಇದ್ದರೆ ತನ್ನಿ. ಯುಗಾದಿ, ಗಣೇಶನ ಹಬ್ಬ, ದೀಪಾವಳಿ ಒಂದೊಂದು ವರ್ಷ ಒಂದೊಂದು ತಾರೀಖು. ಆದರೆ ಭರಣಿ ಹುಟ್ಟುವುದು ಯಾವಾಗಲೂ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ. ಯಾಕೆ? ಹಬ್ಬಗಳು ಚಂದ್ರನ ಲೆಕ್ಕ. ಮಳೆ ನಕ್ಷತ್ರ ಸೂರ್ಯನದು. ಸೂರ್ಯ ಆ ನಕ್ಷತ್ರದ ನೇರಕ್ಕೆ ಬಂದ ದಿನಗಳಿಗೆ ಆ ಹೆಸರು. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ. ಎಂದರೆ ಅಜ್ಜಿ ಇಟ್ಟುಕೊಂಡಿದ್ದು ತಿಂಗಳಿಗಿಂತ ಸಣ್ಣ ಮನೆಗಳ ಒಂದು ಕೋಷ್ಟಕ. ಹುಡುಗರು ತಮ್ಮ ಅಂಕಿಗಳನ್ನೂ ಅದೇ ಮನೆಗಳಲ್ಲಿ ಕೂಡಿಸಿ ನೋಡಿದರು. ಸೆಪ್ಟೆಂಬರ್ ಎಂದು ಒಟ್ಟಿಗೆ ಬರೆದಾಗ ಕಾಣದಿದ್ದ ಏರಿಳಿತ ಅಲ್ಲಿ ಕಂಡಿತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ನಿಜವೇ ಎಂದು ಕೇಳಿದರು. ಒಂದು ವರ್ಷದ ಪುಸ್ತಕದಿಂದ ಹೇಳಲಾಗದು ಎಂದೆ. ಇನ್ನೂ ಒಂದು ತಮಾಷೆಯಿದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರಗಳ ಲೆಕ್ಕದ ತಾರೀಖು ಋತುವಿಗಿಂತ ಸುಮಾರು 71 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಸಾವಿರ ವರ್ಷದಲ್ಲಿ ಹದಿನಾಲ್ಕು ದಿನ, ಹೆಚ್ಚುಕಡಿಮೆ ಒಂದು ನಕ್ಷತ್ರ. ಗಾದೆ ಅಷ್ಟು ಹಳೆಯದಾಗಿದ್ದರೆ ಅಂದಿನವರು ಭರಣಿ ಎಂದ ಮಳೆ ಈಗ ಅಶ್ವಿನಿಯ ದಿನಗಳಲ್ಲಿ ಬೀಳುತ್ತಿರಬೇಕು. ಮೊಮ್ಮಗಳು ಇದನ್ನು ಅಜ್ಜಿಗೆ ಹೇಳಿದ್ದಾಳೆ. "ಅದುಕ್ಕೇ ಕಣವ್ವ ಈಗ ಒಂದೂ ನೆಟ್ಟಗೆ ಬರಾಕಿಲ್ಲ" ಎಂದರಂತೆ.

ಗಾಳಿಯ ದಿಕ್ಕು ತಿಳಿಯಲು ನಮಗೆ ಯಂತ್ರ ಬೇಕಾಗಲಿಲ್ಲ. ಆಷಾಢದಲ್ಲಿ ರಾಜಾಜಿನಗರದ ತಾರಸಿಗಳ ಮೇಲೆ ಗಾಳಿಪಟ ಏರುತ್ತದೆ. ಪಟ ವಾಲುವುದು ಪೂರ್ವಕ್ಕೆ, ಅಂದರೆ ಗಾಳಿ ಪಡುವಣದ್ದು. ಅರಬ್ಬಿ ಸಮುದ್ರದಿಂದ ಹೊರಟ ಗಾಳಿ. ಆದರೂ ಜುಲೈನಲ್ಲಿ ನಮ್ಮ ಬಾಟಲಿಗಳಲ್ಲಿ 'ಹ'ಗಳೇ ಹೆಚ್ಚು. ಸಮುದ್ರದ ತೇವವನ್ನೆಲ್ಲ ಘಟ್ಟ ಮೊದಲೇ ಹಿಂಡಿಕೊಂಡಿರುತ್ತದೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು, ಮರೆಯಲ್ಲಿರುವ ನಮಗೆ ಜಿನುಗು. ಬೆಂಗಳೂರಿನ ನಿಜವಾದ ಮಳೆ ಆ ಗಾಳಿ ಸೊರಗಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಸಂಜೆಯ ಹೊತ್ತಿಗೆ ಎದ್ದು ನಿಲ್ಲುವ ಗುಡುಗಿನ ಮೋಡ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಎಣಿಸುವುದು ಮನೆಯೊಳಗೆ, ಕಿಟಕಿ ಮುಚ್ಚಿ, ತಾರಸಿ ಕಡೆ ಕಾಲಿಟ್ಟರೆ ಪ್ರಾಜೆಕ್ಟಿನಿಂದ ಹೊರಗೆ. ಈ ಒಂದು ನಿಯಮದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ಎಲ್ಲರ ಅಂಕಿಗಳನ್ನೂ ಬಣ್ಣ ಬಣ್ಣದ ಗೆರೆಗಳಾಗಿ ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದಾಗ ಕಂಡದ್ದು ಇದು: ಜುಲೈನಲ್ಲಿ ಗೆರೆಗಳೆಲ್ಲ ನೆಲಕ್ಕಂಟಿ ಜೊತೆಜೊತೆಗೇ ಸಾಗುತ್ತವೆ, ಸೆಪ್ಟೆಂಬರ್ ಬಂದ ಕೂಡಲೇ ಒಂದನ್ನೊಂದು ಕೇಳುವುದೇ ಇಲ್ಲ. ಆಕಾಶದ ತುಂಬ ಹಾಸಿದ ಮುಂಗಾರಿನ ಮೋಡ ಊರಿಗೆಲ್ಲ ಒಂದೇ ರೀತಿ ಉದುರಿಸುತ್ತದೆ. ಗುಡುಗಿನ ಮೋಡದ ಎತ್ತರ ಹತ್ತು ಕಿಲೋಮೀಟರ್ ಮೀರಬಹುದು, ಆದರೆ ಅದರ ಕೆಳಗಿನ ಮಳೆಯ ಅಗಲ ಕೆಲವೇ ಕಿಲೋಮೀಟರ್. ರಾಜಾಜಿನಗರದ ನವರಂಗ್ ಟಾಕೀಸಿನ ಹತ್ತಿರ ನೆನೆದವನು ವಿಜಯನಗರಕ್ಕೆ ಬರುವಷ್ಟರಲ್ಲಿ ಒಣ ರಸ್ತೆ ನೋಡುವುದು ಇದರಿಂದಲೇ. ಆದರೆ ಇದು ಪುಸ್ತಕ ಓದಿದ ನನ್ನ ವಿವರಣೆ. ಮಕ್ಕಳಿಗೆ ಅದು ಸಾಲಲಿಲ್ಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ತಾಳೆಯಾಗದಿದ್ದರೆ ಒಬ್ಬರು ಕದ್ದಿದ್ದಾರೆ ಎನ್ನುವ ಗುಮಾನಿ ಅವರನ್ನು ಬಿಟ್ಟಿರಲಿಲ್ಲ. ಅದರಲ್ಲೂ ಸಾಲು ಸಾಲು ಸೊನ್ನೆ ಬರೆಯುತ್ತಿದ್ದ ಕೆಂಗೇರಿಯ ಮೇಲೆ. "ನಿಮ್ಮಜ್ಜಿಗೆ ಕಣ್ಣು ಕಾಣಲ್ಲ" ಎಂದುಬಿಟ್ಟ ಒಬ್ಬ. ಹುಡುಗಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಆ ಜಗಳ ತೀರಿಸಿದ್ದು ವೃಷಭಾವತಿ ಹೊಳೆ. ಸೆಪ್ಟೆಂಬರಿನ ಒಂದು ರಾತ್ರಿ ರಾಜಾಜಿನಗರ, ಬಸವೇಶ್ವರನಗರದಲ್ಲಿ ಕುಂಭದ್ರೋಣ ಮಳೆ. ಬಾಟಲಿಗಳು ತುಂಬಿ ಚೆಲ್ಲಿದ್ದವು. ಬೆಳಗ್ಗೆ ಕೆಂಗೇರಿಯವಳು ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ನಮ್ಮಲ್ಲಿ ಸೊನ್ನೆ. ರಸ್ತೆಯೂ ಒಣಗಿದೆ. ಆದ್ರೆ ಮೈಸೂರು ರಸ್ತೆ ಪಕ್ಕದ ಮೋರಿ ಇದೆಯಲ್ಲ ಮಿಸ್, ಅದು ದಡದವರೆಗೂ ತುಂಬಿ ಹರೀತಿದೆ. ನಮ್ಮಪ್ಪ ಗಾಡಿ ನಿಲ್ಲಿಸಿ ತೋರಿಸಿದ್ರು. ಮಳೆಯೇ ಇಲ್ಲದೆ ಎಲ್ಲಿಂದ ಬಂತು?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ರಾಜಾಜಿನಗರದವನು ಬೆಂಚಿನಿಂದ ಎದ್ದೇ ನಿಂತ. "ಅದು ನಮ್ದು! ನಮ್ಮ ನೀರು!"

ನಕ್ಷೆ ತೆಗೆದೆವು. ಬೆಂಗಳೂರಿನ ನಡುವೆ ತೆಂಕುಬಡಗಾಗಿ ಒಂದು ದಿಣ್ಣೆ ಹಾದುಹೋಗಿದೆ. ಅದರ ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಗೆ, ಪಡುವಣಕ್ಕೆ ಬಿದ್ದದ್ದು ವೃಷಭಾವತಿಗೆ. ನಮ್ಮ ಬಡಾವಣೆಗಳ ಚರಂಡಿಗಳೆಲ್ಲ ರಾಜಕಾಲುವೆ ಸೇರಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಇಳಿದು ಕೆಂಗೇರಿ ಮುಟ್ಟುತ್ತವೆ. ಅಲ್ಲಿಂದ ಬೈರಮಂಗಲದ ಕೆರೆ, ಅರ್ಕಾವತಿ, ಕೊನೆಗೆ ಕನಕಪುರದಾಚೆ ಸಂಗಮದಲ್ಲಿ ಕಾವೇರಿ. ಅಜ್ಜಿಯ ಸೊನ್ನೆ ಸರಿ, ರಾಜಾಜಿನಗರದ ತುಂಬಿದ ಬಾಟಲಿಯೂ ಸರಿ. ಎರಡೂ ಸರಿಯಾಗಿದ್ದರೆ ಮಾತ್ರ ಒಣ ಊರಿನಲ್ಲಿ ಹೊಳೆ ತುಂಬಲು ಸಾಧ್ಯ. ಎರಡರಲ್ಲಿ ಯಾವುದಾದರೂ ಒಂದನ್ನು ತಾಳೆಯಾಗಲಿ ಎಂದು ತಿದ್ದಿದ್ದರೆ ಹೊಳೆಯ ಗುಟ್ಟು ತಿಳಿಯುತ್ತಿರಲಿಲ್ಲ. "ಅಜ್ಜಿಗೆ ಸಾರಿ ಹೇಳು" ಎಂದು ಆ ಹುಡುಗ ತಾನಾಗಿಯೇ ಹೇಳಿ ಕಳಿಸಿದ.

ಅಷ್ಟರಲ್ಲಿ ಇನ್ನೊಬ್ಬಳಿಗೆ ಬೇರೆ ಯೋಚನೆ. ನಮ್ಮ ತಾರಸಿಯ ನೀರು ಕಾವೇರಿಗೆ ಇಳಿದು ಹೋಗುತ್ತದೆ, ನಮ್ಮ ನಲ್ಲಿಗೆ ನೀರು ಕಾವೇರಿಯಿಂದಲೇ ಹತ್ತಿ ಬರುತ್ತದೆ. ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಮೇಲಕ್ಕೆ ಪಂಪು ಮಾಡಿ. "ಇದು ಯಾರ ಐಡಿಯಾ ಮಿಸ್?" ಎಂದಳು. ಪಾಠದ ಅವಧಿ ಮುಗಿದದ್ದು ನನ್ನ ಪುಣ್ಯ.

ನಮ್ಮ ಪ್ರಾಜೆಕ್ಟು ಜಿಲ್ಲೆಯ ಹಂತ ದಾಟಲಿಲ್ಲ. ಬೇರೆ ಶಾಲೆಗಳ ಕೆಲಸ ಚೆನ್ನಾಗಿತ್ತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಇಟ್ಟು ತೇವ ಅಳೆದವರಿದ್ದರು. ನಾವೂ ಹಳೆಯ ಪಂಚೆಯ ಚೂರು ಸುತ್ತಿ ಅದನ್ನು ಶುರು ಮಾಡಿದ್ದೆವು, ಮುಂದುವರಿಸಲು ಆಗಿರಲಿಲ್ಲ. ಸಮಾವೇಶದ ನಂತರ ಮಕ್ಕಳು ಒಬ್ಬೊಬ್ಬರಾಗಿ ಬಾಟಲಿ ಕೈಬಿಟ್ಟರು. ಅಜ್ಜಿ ಬಿಡಲಿಲ್ಲ. ಅವರಿಗೆ ಯಾರೂ ಪ್ರಾಜೆಕ್ಟು ಮುಗಿಯಿತೆಂದು ಹೇಳಿರಲಿಲ್ಲವೋ, ಹೇಳಿದ್ದರೂ ಅವರು ಕೇಳಿಸಿಕೊಳ್ಳಲಿಲ್ಲವೋ.

ಈ ಊರಿನಲ್ಲಿ ಮಳೆ ಲೆಕ್ಕಕ್ಕೂ ಮೇಷ್ಟ್ರುಗಳಿಗೂ ಹಳೆಯ ನಂಟು. 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಹವಾಮಾನ ವಿಭಾಗವನ್ನು ನೋಡಿಕೊಂಡವರು ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್. ಊರೂರಿನ ಮಳೆಯ ಅಂಕಿ ತರಿಸಿ ವರದಿ ಅಚ್ಚು ಹಾಕಿಸಿದರು. ಆ ಅಂಕಿಗಳ ಹಿಂದೆ ಎಷ್ಟು ಮಂದಿ ತಾಲ್ಲೂಕು ಗುಮಾಸ್ತರು ಬೆಳಗ್ಗೆ ಎದ್ದು ಹೋಗಿ ಖಾಲಿ ಮಾಪಕ ನೋಡಿ ಬಂದಿರಬೇಕು ಎಂದು ನಾನು ಮಕ್ಕಳಿಗೆ ಆಗಾಗ ಹೇಳುತ್ತಿದ್ದೆ.

2024ರ ಜೂನ್ 2ರಂದು, ಭಾನುವಾರ, ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು ಎಂದು ಎಲ್ಲ ಕಡೆ ಸುದ್ದಿ. ಹಳೆಯದು 1891ರ ಜೂನ್ 16ರದ್ದು, 101.6 ಮಿಲಿಮೀಟರ್. ಸುದ್ದಿ ಬಂದ ದಿನ ಸಂಜೆ ಕೆಂಗೇರಿಯವಳ ಫೋನು. ಈಗ ಕೆಲಸಕ್ಕೆ ಹೋಗುತ್ತಾಳೆ, ಫೋನು ಮಾಡುವುದು ಅಪರೂಪ.

"ಮಿಸ್, 101.6ನ್ನ 25.4ರಿಂದ ಭಾಗಿಸಿ ನೋಡಿ."

ಬಾಯಲ್ಲೇ ಭಾಗಿಸಿದೆ. ನಾಲ್ಕು. ಶೇಷವಿಲ್ಲದ ನಾಲ್ಕು.

"ಆಗ ಅಂಗುಲದಲ್ಲಿ ಅಳೀತಿದ್ರು ಅಲ್ವಾ? ಮಳೆ ಎಲ್ಲಾದ್ರೂ ಅಳತೆ ಮಾಡಿಕೊಂಡು ಸರಿಯಾಗಿ ನಾಲ್ಕೇ ಅಂಗುಲ ಬೀಳುತ್ತಾ? ನನಗೇನೋ ಯಾರೋ ರೌಂಡ್ ಮಾಡಿದಾರೆ ಅನ್ಸುತ್ತೆ."

ಮಾಡಿರಬಹುದು ಎಂದೆ. ಮಾಡದೆಯೂ ಇರಬಹುದು. ಆ ಕಾಲದಲ್ಲಿ ಅಂಗುಲದ ನೂರನೇ ಒಂದು ಭಾಗದವರೆಗೆ ಓದುತ್ತಿದ್ದರು. 3.99 ಬೀಳಬಹುದಾದರೆ 4.00 ಯಾಕೆ ಬೀಳಬಾರದು? ರೌಂಡ್ ಮಾಡಿದ್ದರೂ ಹೊಸ ದಾಖಲೆಗೆ ಧಕ್ಕೆಯಿಲ್ಲ, ನಡುವೆ ಒಂಬತ್ತೂವರೆ ಮಿಲಿಮೀಟರ್ ಅಂತರವಿದೆ. ಅದೆಲ್ಲ ಅವಳು ಆಗಲೇ ಯೋಚಿಸಿದ್ದಳು. ಅವಳಿಗೆ ಬೇಕಿದ್ದದ್ದು ಮೂಲ ರಿಜಿಸ್ಟರು: ಆ ವರ್ಷದ ಉಳಿದ ದಿನಗಳ ಅಂಕಿ ಹೇಗಿವೆ, ಎರಡನೇ ದಶಮಾಂಶ ಇದೆಯೇ, ಅಥವಾ ಎಲ್ಲವೂ ಹೀಗೆ ದುಂಡಗೇ ಇವೆಯೇ. ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಪ್ಯಾಲೆಸ್ ರಸ್ತೆಯ ಕಚೇರಿಗೆ ಮೊದಲು ಒಂದು ಅರ್ಜಿ ಬರಿ, ಯಾವ ವರ್ಷ, ಯಾವ ತಿಂಗಳು, ಯಾಕೆ ಬೇಕು ಎಂದು ಬಿಡಿಸಿ ಬರಿ ಎಂದೆ. ಬರೆದು ಹಾಕಿದ್ದಾಳೆ.